ಹದಿನೈದರ ಹುಡುಗ ಯುದ್ಧಕ್ಕೆ ಹೋದದ್ದು ಹೇಗೆ, ಯಾರೂ ತಡೀಲಿಲ್ವಾ?

ಪ್ರಶ್ನೆ: ಸರ್, ನನ್ನ ಮಗ ಈ ವರ್ಷ ಎಸ್‌ಎಸ್‌ಎಲ್‌ಸಿ, ಹದಿನೈದು ತುಂಬಿದೆ. ಸಮಾಜದಲ್ಲಿ ಮಹಾಯುದ್ಧದ ಪಾಠ ಬಂದಾಗಿಂದ ಅದೇ ವಿಡಿಯೋ ನೋಡ್ತಾ ಕೂತಿರ್ತಾನೆ. ಮೊನ್ನೆ ಒಂದು ಫೋಟೋ ತೋರ್ಸಿದ, ಬ್ರಿಟಿಷ್ ಯೂನಿಫಾರ್ಮ್ ಹಾಕಿರೋ ಹುಡುಗ, ಇವನಿಗಿಂತ ಚಿಕ್ಕವನ ಹಾಗೆ ಕಾಣ್ತಾನೆ. ಅಷ್ಟು ಸಣ್ಣ ಮಕ್ಕಳನ್ನ ಸೈನ್ಯಕ್ಕೆ ಹೇಗೆ ತಗೊಂಡ್ರು? ವಯಸ್ಸಿಗೆ ರೂಲ್ಸ್ ಇರ್ಲಿಲ್ವಾ? ಅಪ್ಪ ಅಮ್ಮ ಏನು ಮಾಡ್ತಿದ್ರು? ಸಿಕ್ಕಿಬಿದ್ರೆ ಏನಾಗ್ತಿತ್ತು? "ನಾನು ಆಗ ಇದ್ದಿದ್ರೆ ನನ್ನನ್ನೂ ತಗೋತಿದ್ರಾ ಅಮ್ಮ" ಅಂತ ಕೇಳಿದ, ನನಗೆ ಉತ್ತರ ಗೊತ್ತಾಗ್ಲಿಲ್ಲ.

ಉತ್ತರ: ಮೇಡಂ, ರೂಲ್ಸ್ ಇತ್ತು, ಸ್ಪಷ್ಟವಾಗೇ ಇತ್ತು. 1914ರಲ್ಲಿ ಬ್ರಿಟಿಷ್ ಸೈನ್ಯಕ್ಕೆ ಸೇರೋಕೆ 18 ತುಂಬಿರ್ಬೇಕು, ಸಮುದ್ರ ದಾಟಿ ಲಡಾಯಿಗೆ ಹೋಗೋಕೆ 19 ಆಗಿರ್ಬೇಕು. ಹಾಗಿದ್ರೂ ಮೊದಲನೇ ಮಹಾಯುದ್ಧದಲ್ಲಿ ವಯಸ್ಸು ತುಂಬದೇ ಸೇರ್ಕೊಂಡ ಹುಡುಗರು ಬ್ರಿಟಿಷ್ ಸೈನ್ಯ ಒಂದರಲ್ಲೇ ಎರಡೂವರೆ ಲಕ್ಷದಷ್ಟು ಇದ್ರು ಅಂತ ಇತಿಹಾಸಕಾರರ ಅಂದಾಜು. ನಾನು ಹೆಚ್ಚು ಈ ಮೊದಲನೇ ಯುದ್ಧದ ಬಗ್ಗೆನೇ ಹೇಳ್ತೀನಿ, ಯಾಕಂದ್ರೆ ನಿಮ್ಮ ಮಗ ತೋರ್ಸಿದಂಥ ಫೋಟೋಗಳು ಬಹಳಷ್ಟು ಅಲ್ಲಿಂದ ಬಂದಿರೋದು, "ಹೇಗೆ ತಗೊಂಡ್ರು" ಅನ್ನೋದಕ್ಕೆ ಉತ್ತರನೂ ಅಲ್ಲೇ ಚೆನ್ನಾಗಿ ಸಿಗುತ್ತೆ.

ಎಲ್ರೂ ಹೇಳೋದು ಹುಡುಗರು ಸುಳ್ಳು ಹೇಳಿ ಸೇರ್ಕೊಂಡ್ರು ಅಂತ. ಹೌದು, ಹೇಳಿದ್ರು. ಆದ್ರೆ ಇಷ್ಟು ವರ್ಷ ಈ ವಿಷಯ ಓದಿ, ಕ್ಲಾಸಲ್ಲಿ ಪಾಠ ಮಾಡಿ ನನಗೆ ಗಟ್ಟಿಯಾಗಿರೋ ಒಂದು ಮಾತಿದೆ, ಆ ಸುಳ್ಳು ಹುಡುಗನೊಬ್ಬನದ್ದಲ್ಲ. ಮೇಜಿನ ಆಚೆ ಕೂತಿದ್ದ ದೊಡ್ಡವರು ಅದನ್ನ ಕೇಳಿಸ್ಕೊಂಡು, ಎದುರಿಗೆ ನಿಂತಿರೋ ಮುಖ ನೋಡಿ, ಗೊತ್ತಿದ್ದೂ ಬರ್ಕೊಂಡ್ರು. ಅವರು ಬರ್ಕೊಂಡ ಕಾಗದ ಇವತ್ತಿಗೂ ಸಾವಿರಗಟ್ಟಲೆ ಉಳ್ಕೊಂಡಿದೆ, ಅದನ್ನ ನೋಡಿದ್ರೇ ಅರ್ಧ ಉತ್ತರ ಸಿಕ್ಕಿಬಿಡುತ್ತೆ.

ಅಟೆಸ್ಟೇಶನ್ ಫಾರ್ಮ್ ಅಂತಾರೆ ಅದಕ್ಕೆ. ಮೊದಲು ಹೆಸರು, ಊರು, ಕಸುಬು, ಮದುವೆ ಆಗಿದ್ಯಾ, ವಯಸ್ಸೆಷ್ಟು ಅಂತ ಪ್ರಶ್ನೆಗಳು, ಸುಳ್ಳು ಹೇಳಿದ್ರೆ ಶಿಕ್ಷೆ ಆಗುತ್ತೆ ಅಂತ ಒಂದು ಎಚ್ಚರಿಕೆ. ಆಮೇಲೆ ಮೈಕಟ್ಟಿನ ವಿವರ ಬರೆಯೋ ಜಾಗ, ಎತ್ತರ, ಎದೆ ಸುತ್ತಳತೆ, ಮೈಬಣ್ಣ, ಕಣ್ಣು, ಕೂದಲು. ಆ ಜಾಗದಲ್ಲಿ ಒಂದು ಕಾಲಂ ಇದೆ, "ಅಪೆರೆಂಟ್ ಏಜ್" ಅಂತ. ಅಂದ್ರೆ ನೋಡೋಕೆ ಎಷ್ಟು ವಯಸ್ಸು ಅನ್ಸುತ್ತೋ ಅದು. ಇಷ್ಟು ವರ್ಷ, ಇಷ್ಟು ತಿಂಗಳು ಅಂತ ತಿಂಗಳಿಗೂ ಜಾಗ ಬಿಟ್ಟಿದ್ದಾರೆ! ಕಣ್ಣಲ್ಲಿ ನೋಡಿ ತಿಂಗಳ ಲೆಕ್ಕ ಯಾರು ಹೇಳೋಕಾಗುತ್ತೆ? ಹುಡುಗ ಬಾಯಲ್ಲಿ ಏನು ಹೇಳಿದ್ನೋ ಅದನ್ನೇ ಅಲ್ಲೂ ತುಂಬೋರು. ಒಂದ್ಸಲ ಬರೆದ್ರೆ ಅದೇ ಅವನ ಅಫೀಶಿಯಲ್ ವಯಸ್ಸು, ಸೈನ್ಯದ ಮಟ್ಟಿಗೆ ಅವನು ಹತ್ತೊಂಬತ್ತು ಅಂದ್ರೆ ಹತ್ತೊಂಬತ್ತೇ.

ನಮ್ಮ ಕಡೆ ಹಳೇ ತಲೆಮಾರಿನವರ ಶಾಲಾ ಸರ್ಟಿಫಿಕೇಟ್ ತೆಗೆದು ನೋಡಿ, ಜೂನ್ ಒಂದಕ್ಕೆ ಹುಟ್ಟಿದವರು ಎಷ್ಟು ಜನ ಸಿಗ್ತಾರೆ. ನಮ್ಮಪ್ಪನ ಸರ್ಟಿಫಿಕೇಟಲ್ಲೂ ಜೂನ್ ಒಂದೇ ಇರೋದು, ನಮ್ಮಜ್ಜಿ ಮಾತ್ರ ಅವನು ಹುಟ್ಟಿದ್ದು ಸಂಕ್ರಾಂತಿ ಆದ ವಾರಕ್ಕೆ ಅಂತಿದ್ರು. ಶಾಲೆಗೆ ಸೇರ್ಸೋಕೆ ಕರ್ಕೊಂಡು ಹೋದಾಗ ಮೇಷ್ಟ್ರು ಹುಡುಗನ ಬಲಗೈ ತಲೆ ಮೇಲಿಂದ ಎಡಗಿವಿಗೆ ಮುಟ್ಟುತ್ತಾ ನೋಡಿ, ಸರಿ ಆರು ವರ್ಷ ಅಂತ ಬರ್ದು ಮುಗಿಸ್ತಿದ್ರು. ನಮ್ಮಲ್ಲಿ ಹಾಗಾಗಿದ್ದಕ್ಕೆ ಕಾರಣ ಇತ್ತು, ಹಳ್ಳಿಯಲ್ಲಿ ಕೂಸು ಹುಟ್ಟಿದ್ದಕ್ಕೆ ಕಾಗದನೇ ಇರ್ತಿರ್ಲಿಲ್ಲ. ಆದ್ರೆ ಇಂಗ್ಲೆಂಡಲ್ಲಿ ಹಾಗಲ್ಲ, ಅಲ್ಲಿ 1837ರಿಂದಲೇ ಜನನ ನೋಂದಣಿ ಶುರುವಾಗಿತ್ತು, 1914ರಲ್ಲಿ ಸಾಲಲ್ಲಿ ನಿಂತಿದ್ದ ಹುಡುಗರ ಹುಟ್ಟಿದ ತಾರೀಖು ಸರ್ಕಾರದ ರಿಜಿಸ್ಟರಲ್ಲೇ ಇತ್ತು. ಬರ್ತ್ ಸರ್ಟಿಫಿಕೇಟ್ ತಗೊಂಡು ಬಾ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು, ಅಷ್ಟು ಹುಡುಗರಲ್ಲಿ ಬಹುಪಾಲು ಮನೆ ದಾರಿ ಹಿಡೀತಿದ್ರು. ಆ ಮಾತು ಹೇಳ್ಲೇ ಇಲ್ಲ. ನನಗೆ ಈ ಇಡೀ ಕಥೆಯಲ್ಲಿ ಇವತ್ತಿಗೂ ಸಂಕಟ ಆಗೋದು ಇದೊಂದಕ್ಕೆ.

ಯಾಕೆ ಹೇಳ್ಲಿಲ್ಲ ಅಂದ್ರೆ ಆಗ ಜನ ಬೇಕಿತ್ತು, ಅದೂ ತಕ್ಷಣ. ಯುದ್ಧ ಶುರುವಾದಾಗ ಯುರೋಪಿನ ಬೇರೆ ದೇಶಗಳಲ್ಲಿದ್ದ ಹಾಗೆ ಬ್ರಿಟನ್ನಲ್ಲಿ ಕಡ್ಡಾಯ ಸೇನಾ ಸೇವೆ ಇರ್ಲಿಲ್ಲ, ಇದ್ದಿದ್ದು ಚಿಕ್ಕ ಸೈನ್ಯ, ಯುದ್ಧಮಂತ್ರಿ ಕಿಚನರ್ ಆಗಸ್ಟ್ 1914ರಲ್ಲಿ ಮೊದಲು ಒಂದು ಲಕ್ಷ ಜನ ಬೇಕು ಅಂತ ಕರೆ ಕೊಟ್ಟ. ಆಮೇಲೆ ನೂಕುನುಗ್ಗಲು. ಸೆಪ್ಟೆಂಬರ್ 3, 1914ರ ಒಂದೇ ದಿನ ಸೇರಿದವರು 33,204 ಜನ. ಬೀದಿ ತುಂಬಾ ಸಾಲು, ಟೌನ್ ಹಾಲ್ ತುಂಬಾ ಗಲಾಟೆ, ಆ ಗದ್ದಲದಲ್ಲಿ ಒಬ್ಬೊಬ್ಬನನ್ನ ಕೂರ್ಸಿ ವಿಚಾರಿಸೋಕೆ ಯಾರಿಗೂ ಪುರುಸೊತ್ತಿಲ್ಲ. ಅದರ ಮೇಲೆ ಸೇರಿಸ್ಕೊಳ್ಳೋ ಸಾರ್ಜೆಂಟ್‌ಗೆ ತಲೆಗಿಷ್ಟು ಅಂತ ಕಮಿಷನ್ನು, ತಪಾಸಣೆ ಮಾಡೋ ಡಾಕ್ಟ್ರಿಗೂ ಪಾಸ್ ಮಾಡಿದ ತಲೆಗಿಷ್ಟು ಅಂತ ಫೀಸು. ಈಗ ನೀವೇ ಹೇಳಿ, ದಿನಕ್ಕೆ ನೂರಾರು ಜನರನ್ನ ನೋಡೋ ಡಾಕ್ಟ್ರು ಎದೆ ಅಳತೆ ಸರಿ ಇರೋ ಹುಡುಗನನ್ನ, ನಿಂಗೆ ಗಡ್ಡನೇ ಬಂದಿಲ್ವಲ್ಲಪ್ಪಾ ಅಂತ ವಾಪಸ್ ಕಳಿಸ್ತಾರಾ? ಆ ಕಾಲದ ಎಷ್ಟೋ ಸೈನಿಕರು ಮುದುಕರಾದ ಮೇಲೆ ಹೇಳ್ಕೊಂಡ ಒಂದು ಪ್ರಸಂಗ ಇದೆ, ಹುಡುಗ ಗೊತ್ತಿಲ್ಲದೆ ನಿಜ ಹೇಳ್ಬಿಡೋದು, "ಹದಿನಾರು ಸರ್" ಅಂತ, ಸಾರ್ಜೆಂಟು "ಹೊರಗಡೆ ಹೋಗಿ ಒಂದು ಸುತ್ತು ಹಾಕ್ಕೊಂಡು ಬಾ, ಬರೋ ಅಷ್ಟರಲ್ಲಿ ಹತ್ತೊಂಬತ್ತು ಆಗಿದ್ಯಾ ನೋಡೋಣ" ಅನ್ನೋದು. ಹುಡುಗ ಸುತ್ತು ಹಾಕ್ಕೊಂಡು ಬರೋನು, ಹತ್ತೊಂಬತ್ತು ಅನ್ನೋನು, ಬರ್ಕೊಳ್ಳೋರು.

ಇನ್ನು ಹುಡುಗರು ಯಾಕೆ ಹೋದ್ರು ಅನ್ನೋದು. ದೇಶಪ್ರೇಮ ಇತ್ತು, ಸುಳ್ಳಲ್ಲ, ಆದ್ರೆ ಅದೊಂದೇ ಅಲ್ಲ. ಕೂಲಿಕಾರರ ಮನೆ ಹುಡುಗನಿಗೆ ಹನ್ನೆರಡು ಹದಿಮೂರಕ್ಕೆ ಸ್ಕೂಲ್ ಮುಗೀತಿತ್ತು, ಮಾರನೇ ದಿನದಿಂದ ಗಿರಣಿ, ಗಣಿ, ಅಂಗಡಿ, ಹೊಲ. ಅಂದ್ರೆ ಹದಿನೈದರ ಹುಡುಗ ಆಗಲೇ ಎರಡು ಮೂರು ವರ್ಷ ದುಡಿದು ಮನೆಗೆ ಸಂಬಳ ಕೊಟ್ಟವನು, ತಾನು ದೊಡ್ಡವನು ಅನ್ನೋ ಲೆಕ್ಕದಲ್ಲೇ ಇದ್ದವನು. ಸೈನ್ಯಕ್ಕೆ ಹೋದ್ರೆ ದಿನಕ್ಕೊಂದು ಶಿಲ್ಲಿಂಗ್, ಕಾಲಿಗೆ ಗಟ್ಟಿ ಬೂಟು, ತಟ್ಟೆಗೆ ದಿನಾ ಮಾಂಸ. ಟ್ರೈನಿಂಗ್ ಕ್ಯಾಂಪಲ್ಲಿ ಕೆಲವೇ ವಾರಕ್ಕೆ ಹುಡುಗರು ಮೈ ತುಂಬ್ಕೊಂಡು ಎತ್ತರನೂ ಆಗ್ತಿದ್ರಂತೆ, ಮನೆಯಲ್ಲಿ ಊಟ ಹೇಗಿತ್ತು ಅನ್ನೋದು ಇದ್ರಲ್ಲೇ ಗೊತ್ತಾಗುತ್ತೆ. ಜೊತೆಗೆ ಬೀದಿಯ ಅಣ್ಣಂದಿರು, ಫುಟ್‌ಬಾಲ್ ಆಡ್ತಿದ್ದ ಗೆಳೆಯರು ಎಲ್ಲಾ ಒಟ್ಟಿಗೆ ಹೊರಟಿರೋವಾಗ ಇವನೊಬ್ಬ ಹಿಂದೆ ಉಳಿಯೋದು ಹೇಗೆ. ಸಾಲದ್ದಕ್ಕೆ ಬಿಳಿ ಗರಿ ಕೊಡೋ ಚಳವಳಿ ಬೇರೆ, ಯೂನಿಫಾರ್ಮ್ ಇಲ್ಲದ ಗಂಡಸು ಕಂಡ್ರೆ ಹೆಂಗಸರು ನಡುಬೀದಿಯಲ್ಲಿ ಅವನ ಕೈಗೆ ಬಿಳಿ ಗರಿ ಕೊಡೋರು, ಹೇಡಿ ಅಂತ ಅರ್ಥ. ಸ್ವಲ್ಪ ಎತ್ತರಕ್ಕೆ ಬೆಳೆದಿದ್ದ ಹದಿನೈದು ಹದಿನಾರರ ಹುಡುಗರಿಗೂ ಕೊಟ್ಟಿದ್ದಾರೆ. ಆ ವಯಸ್ಸಲ್ಲಿ ಅವಮಾನ ಅನ್ನೋದು ಎಷ್ಟು ಸುಡುತ್ತೆ ಅಂತ ಮಗನನ್ನ ಸಾಕ್ತಿರೋ ನಿಮಗೆ ನಾನು ಹೇಳ್ಬೇಕಾಗಿಲ್ಲ.

ಅಪ್ಪ ಅಮ್ಮ ಏನು ಮಾಡ್ತಿದ್ರು ಅಂದ್ರಲ್ಲ, ಅದಕ್ಕೆ ಆಸ್ಟ್ರೇಲಿಯಾದ ಒಬ್ಬ ಹುಡುಗನ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ. ಜೇಮ್ಸ್ ಮಾರ್ಟಿನ್ ಅಂತ, 1901ರ ಜನವರಿಯಲ್ಲಿ ಹುಟ್ಟಿದವನು. ಅವರಪ್ಪ ಸೈನ್ಯಕ್ಕೆ ಸೇರೋಕೆ ಹೋಗಿ ರಿಜೆಕ್ಟ್ ಆಗಿ ಬಂದ್ರು. ಹಾಗಾದ್ರೆ ನಾನು ಹೋಗ್ತೀನಿ ಅಂತ ಇವನು ಹಟ ಹಿಡಿದ. ಅಲ್ಲಿ ಅಪ್ಪ ಅಮ್ಮನ ಒಪ್ಪಿಗೆ ಪತ್ರ ಇದ್ರೆ ಹದಿನೆಂಟಕ್ಕೆ ತಗೋತಿದ್ರು, ಇವನಿಗೆ ಹದಿನಾಲ್ಕು. ಮನೆಯಲ್ಲಿ ಬೇಡ ಅಂದ್ರು. ಆಗ ಇವನು ಏನಂದ ಗೊತ್ತಾ, ನೀವು ಒಪ್ಪದೇ ಇದ್ರೆ ಬೇರೆ ಹೆಸರಲ್ಲಿ ಸೇರ್ಕೋತೀನಿ, ನಿಮಗೆ ಒಂದು ಕಾಗದನೂ ಬರೆಯಲ್ಲ ಅಂದ. ತಾಯಿ ಏನು ಮಾಡ್ಬೇಕು ಹೇಳಿ. ಬೇರೆ ಹೆಸರಲ್ಲಿ ಹೋದ್ರೆ ಸತ್ರೂ ಸುದ್ದಿ ಬರಲ್ಲ, ಇದ್ದಾನಾ ಇಲ್ವಾ ಗೊತ್ತಾಗಲ್ಲ. ಕೊನೆಗೆ ಒಪ್ಪಿಗೆ ಕೊಟ್ರು. ಏಪ್ರಿಲ್ 1915ರಲ್ಲಿ ಸೇರಿದ. ಟರ್ಕಿಯ ಯುದ್ಧಭೂಮಿ ಗ್ಯಾಲಿಪೊಲಿಗೆ ಹೋಗೋ ದಾರಿಯಲ್ಲೇ ಅವನಿದ್ದ ಸೌತ್‌ಲ್ಯಾಂಡ್ ಅನ್ನೋ ಹಡಗಿಗೆ ಟಾರ್ಪಿಡೊ ಬಿತ್ತು, ನಾಲ್ಕು ಗಂಟೆ ನೀರಲ್ಲಿದ್ದ, ಬದುಕಿದ. ಕಂದಕಕ್ಕೆ ಬಂದ ಮೇಲೆ ಅಕ್ಟೋಬರ್ 9ಕ್ಕೆ ಮನೆಗೊಂದು ಕಾಗದ ಬರೆದಿದ್ದಾನೆ. ನಿಮ್ಮಿಂದ ಒಂದೂ ಕಾಗದ ಬಂದಿಲ್ಲ, ನಾನು ಇಲ್ಲಿ ಚೆನ್ನಾಗಿದೀನಿ, ಚಿಂತೆ ಮಾಡ್ಬೇಡಿ ಅಂತ. ಆಮೇಲೆ ಟೈಫಾಯ್ಡ್ ಬಂತು. ಅಕ್ಟೋಬರ್ 25ಕ್ಕೆ ಆಸ್ಪತ್ರೆ ಹಡಗಿಗೆ ತಂದು ಮಲಗಿಸಿದ್ರು, ಅದೇ ಸಂಜೆ ಹೋಗ್ಬಿಟ್ಟ. ಹದಿನಾಲ್ಕು ವರ್ಷ ಒಂಬತ್ತು ತಿಂಗಳು. ಹಡಗಿನ ಮೇಟ್ರನ್, ಅಂದ್ರೆ ನರ್ಸ್‌ಗಳ ಮುಖ್ಯಸ್ಥೆ, ಅವನ ತಾಯಿಗೆ ಕಾಗದ ಬರೆದ್ರು, ಅವನನ್ನ ಆರಾಮಾಗಿ ಮಲಗ್ಸಿದ್ವಿ, ಥ್ಯಾಂಕ್ಸ್ ಹೇಳಿ ನಿದ್ದೆಗೆ ಅಂತ ಕಣ್ಣು ಮುಚ್ಚಿದ ಅಂತ. ಸಮಾಧಿ ಇಲ್ಲ, ಸಮುದ್ರಕ್ಕೇ ಬಿಟ್ರು, ಗ್ಯಾಲಿಪೊಲಿಯ ಲೋನ್ ಪೈನ್ ಸ್ಮಾರಕದಲ್ಲಿ ಹೆಸರಿದೆ.

ಆ ತಾಯಿಯನ್ನ ತಪ್ಪು ಅನ್ನೋಕೆ ನನಗೆ ಬಾಯಿ ಬರಲ್ಲ. ಮಗನ ಹಟದ ಮುಂದೆ ಒಬ್ಬ ತಾಯಿ ಎಷ್ಟು ದಿನ ನಿಲ್ತಾಳೆ, ನಿಲ್ಲಬೇಕಾಗಿದ್ದಿದ್ದು ಮೇಜಿನ ಹಿಂದಿದ್ದವರು.

ಇನ್ನೊಂದು ಥರದ ತಾಯಿಯೂ ಇದ್ಲು. ಲಂಡನ್ನಿನ ಟೂಟಿಂಗ್‌ನ ಸಿಡ್ನಿ ಲೂಯಿಸ್, 1903ರಲ್ಲಿ ಹುಟ್ಟಿದವನು, ಆಗಸ್ಟ್ 1915ರಲ್ಲಿ ಸೈನ್ಯಕ್ಕೆ ಸೇರಿದ. ಲೆಕ್ಕ ಹಾಕಿ, ಹನ್ನೆರಡು ವರ್ಷ. ನಮ್ಮಲ್ಲಿ ಏಳನೇ ಕ್ಲಾಸಿನ ಹುಡುಗ. ಮಾರನೇ ವರ್ಷ, ಅಂದ್ರೆ ಹದಿಮೂರಕ್ಕೆ, ಫ್ರಾನ್ಸಿನ ಸೊಮ್ ಯುದ್ಧದಲ್ಲಿ ಮೆಷಿನ್‌ಗನ್ ಕಂಪನಿಯಲ್ಲಿದ್ದ. ಸೊಮ್ ಅಂದ್ರೆ ಮೊದಲನೇ ದಿನ, ಜುಲೈ 1, 1916, ಒಂದೇ ದಿನಕ್ಕೆ ಬ್ರಿಟಿಷರ ಕಡೆ 19,240 ಜನ ಸತ್ತ ಯುದ್ಧ. ಅದಾಗಿ ಕೆಲವು ವಾರ ಡೆಲ್ವಿಲ್ ಅನ್ನೋ ಕಾಡಿನ ಸುತ್ತ ನಡೆದ ಹೊಡೆದಾಟದಲ್ಲಿ ಈ ಹುಡುಗ ಇದ್ದ. ಅವನ ತಾಯಿ ವಾರ್ ಆಫೀಸಿಗೆ ಕಾಗದ ಬರೆದು ಜೊತೆಗೆ ಬರ್ತ್ ಸರ್ಟಿಫಿಕೇಟ್ ಇಟ್ಟು ಕಳಿಸಿದ್ಲು, ನನ್ನ ಮಗನನ್ನ ವಾಪಸ್ ಕೊಡಿ ಅಂತ. ಕಾಗದ ಕೈಗೆ ಬಂದ ಮೇಲೆ ಅವರಿಗೆ ಬೇರೆ ದಾರಿ ಇರ್ಲಿಲ್ಲ, ಹುಡುಗನನ್ನ ಫ್ರಾನ್ಸಿನಿಂದ ಮನೆಗೆ ಕಳಿಸಿದ್ರು. ಸೇರಿಸ್ಕೊಳ್ಳೋವಾಗ ಸೈನ್ಯ ಕೇಳದೇ ಬಿಟ್ಟ ಅದೇ ಕಾಗದ ನೋಡಿ, ತಾಯಿ ತಾನಾಗೇ ತಂದು ಕೊಟ್ಟಾಗ ಮಗನ ಜೀವ ಉಳೀತು. ಈ ಸಿಡ್ನಿ ಬದುಕಿ, ದೊಡ್ಡವನಾಗಿ, ಪೊಲೀಸ್ ಆಗಿ, ಎರಡನೇ ಮಹಾಯುದ್ಧದಲ್ಲಿ ಬಾಂಬ್ ನಿಷ್ಕ್ರಿಯ ಮಾಡೋ ಕೆಲಸ ಮಾಡಿ, 1969ರಲ್ಲಿ ತೀರ್ಕೊಂಡ. ಮನೆಯವರ ಹತ್ರ ಉಳಿದಿದ್ದ ಕಾಗದಪತ್ರಗಳಿಂದ ಅವನೇ ಬ್ರಿಟನ್ನಿನ ಅತಿ ಚಿಕ್ಕ ಸೈನಿಕ ಅಂತ 2013ರಲ್ಲಿ ಖಾತ್ರಿ ಆಯ್ತು.

ಎಲ್ಲಾ ತಾಯಂದಿರ ಕಾಗದಕ್ಕೂ ಇಂಥ ಉತ್ತರ ಸಿಗ್ಲಿಲ್ಲ, ಅದನ್ನೂ ಹೇಳ್ಬೇಕು. ಎಷ್ಟೋ ಮನೆಗಳಿಗೆ ಬಂದ ಉತ್ತರ, ನಿಮ್ಮ ಮಗ ಫಾರ್ಮಲ್ಲಿ ಹತ್ತೊಂಬತ್ತು ಅಂದಿದ್ದಾನೆ, ನಮಗೆ ಅದೇ ವಯಸ್ಸು ಅನ್ನೋದು. ಈ ವಿಷಯಕ್ಕೆ ಪಾರ್ಲಿಮೆಂಟಲ್ಲಿ ಒಬ್ಬರು ಪಟ್ಟು ಹಿಡಿದು ಹೋರಾಡಿದ್ರು, ಸರ್ ಆರ್ಥರ್ ಮಾರ್ಕಮ್ ಅಂತ, ಮ್ಯಾನ್ಸ್‌ಫೀಲ್ಡ್ ಕ್ಷೇತ್ರದ ಲಿಬರಲ್ ಎಂಪಿ. ಅಪ್ಪ ಅಮ್ಮಂದಿರು ಅವರಿಗೆ ಕಾಗದ ಬರೆಯೋರು, ಅವರು ಅದನ್ನೆಲ್ಲಾ ತಗೊಂಡು ಹೋಗಿ ಮಂತ್ರಿಗಳ ಮುಂದೆ ಮತ್ತೆ ಮತ್ತೆ ಎತ್ತೋರು. 1916ರ ಜನವರಿಯಲ್ಲಿ ಕಡ್ಡಾಯ ಸೇವೆ ಕಾನೂನು ಬಂತು, ವಯಸ್ಸಿಗೆ ಬಂದ ಗಂಡಸರನ್ನ ಸರ್ಕಾರನೇ ಕರೆಸ್ಕೊಳ್ಳೋ ಹಾಗಾಯ್ತು, ಹುಡುಗರ ಅಗತ್ಯನೂ ಕಮ್ಮಿ ಆಯ್ತು. ಅದೇ ವರ್ಷ, ಅಪ್ಪ ಅಮ್ಮ ಪುರಾವೆ ಕೊಟ್ರೆ ತೀರಾ ಚಿಕ್ಕವರನ್ನ ಮನೆಗೆ ಕಳಿಸೋದು, ಹದಿನೇಳು ಹದಿನೆಂಟರವರನ್ನ ಫ್ರಂಟ್‌ನಿಂದ ತೆಗೆದು ಟ್ರೈನಿಂಗ್‌ಗೋ ಹಿಂದಿನ ಸಾಲಿಗೋ ಹಾಕೋದು ಅಂತ ಸುಮಾರಾಗಿ ಒಂದು ಪದ್ಧತಿ ಬಂತು. ಮಾರ್ಕಮ್ 1916ರ ಆಗಸ್ಟಲ್ಲೇ ತೀರ್ಕೊಂಡ್ರು. ಅವರ ಹೆಸರು ಯಾವ ಪಠ್ಯಪುಸ್ತಕದಲ್ಲೂ ನಾನು ನೋಡಿಲ್ಲ, ಬರಬೇಕಿತ್ತು. 1918ರ ಮಾರ್ಚಲ್ಲಿ ಜರ್ಮನ್ನರು ದೊಡ್ಡ ದಾಳಿ ಮಾಡಿ ನುಗ್ಗಿ ಬಂದಾಗ ಮತ್ತೆ ಹತ್ತೊಂಬತ್ತರ ರೂಲ್ ಸಡಿಲ ಆಗಿ ಹದಿನೆಂಟೂವರೆಗೆ ಇಳೀತು.

ಈ ಬದಲಾವಣೆ ಎಲ್ಲಾ ಬರೋ ಮೊದಲೇ ಹೋದವರ ಗತಿ? ಬೆಲ್ಜಿಯಂನ ಈಪ್ರ್ ಊರಿನ ಹತ್ರ ಎಸೆಕ್ಸ್ ಫಾರ್ಮ್ ಅಂತ ಒಂದು ಸೈನಿಕರ ಸ್ಮಶಾನ ಇದೆ. ಅಲ್ಲಿ ಒಂದೇ ಅಳತೆಯ ಬಿಳಿ ಕಲ್ಲುಗಳ ಸಾಲಲ್ಲಿ ಒಂದು ಕಲ್ಲಿನ ಮುಂದೆ ಮಾತ್ರ ಯಾವಾಗ್ಲೂ ಗಸಗಸೆ ಹೂವಿನ ಹಾರ, ಪುಟ್ಟ ಪುಟ್ಟ ಮರದ ಶಿಲುಬೆ ಗುಡ್ಡೆ ಬಿದ್ದಿರುತ್ತೆ, ಸ್ಕೂಲ್ ಟ್ರಿಪ್ಪಲ್ಲಿ ಬರೋ ಮಕ್ಕಳು ಇಟ್ಟು ಹೋಗೋದು. ವಾಲೆಂಟೈನ್ ಜೋ ಸ್ಟ್ರಡ್ವಿಕ್, ರೈಫಲ್ ಬ್ರಿಗೇಡ್, ಜನವರಿ 14, 1916, ವಯಸ್ಸು 15 ಅಂತ ಕೆತ್ತಿದ್ದಾರೆ. ಫೆಬ್ರವರಿ 14ಕ್ಕೆ ಹುಟ್ಟಿದ್ದಕ್ಕೆ ವಾಲೆಂಟೈನ್ ಅಂತ ಹೆಸರು, ಇನ್ನೊಂದು ತಿಂಗಳು ಕಳೆದಿದ್ರೆ ಹದಿನಾರು. ಅಲ್ಲಿಗೆ ಬರೋ ಮಕ್ಕಳು ಅವನದೇ ವಯಸ್ಸಿನವರು, ಬೇರೆ ಕಲ್ಲುಗಳನ್ನ ಓದ್ತಾ ಓದ್ತಾ ಬಂದು ಇಲ್ಲಿ ನಿಂತ್ಬಿಡ್ತಾರೆ.

ಸಿಕ್ಕಿಬಿದ್ರೆ ಏನಾಗ್ತಿತ್ತು ಅಂತ ಕೇಳಿದ್ರಿ. ವಯಸ್ಸಿನ ಸುಳ್ಳಿಗೆ ಜೈಲಿಗೆ ಹಾಕಿದ್ದು ಕಮ್ಮಿ. ಅದಕ್ಕಿಂತ ಘೋರವಾದದ್ದು ಬೇರೆ ಇದೆ, ಸುಳ್ಳು ವಯಸ್ಸು ಬರೆಸಿದ ಮೇಲೆ ದೊಡ್ಡವರ ಶಿಕ್ಷೆನೂ ಅವನಿಗೇ ಬೀಳ್ತಿತ್ತು. ಏಬ್ರಹಾಂ ಬೆವಿಸ್ಟೀನ್ ಅಂತ, ಪೋಲೆಂಡಿನಿಂದ ಬಂದು ಲಂಡನ್ನಲ್ಲಿ ನೆಲೆಸಿದ್ದ ಯಹೂದಿ ಮನೆಯ ಹುಡುಗ, ಹ್ಯಾರಿಸ್ ಅಂತ ಹೆಸರು ಬದಲಾಯಿಸ್ಕೊಂಡು ಸೇರಿದ್ದ. ಗಾಯ ಆಗಿ ಆಸ್ಪತ್ರೆಯಲ್ಲಿದ್ದು ಮತ್ತೆ ಕಂದಕಕ್ಕೆ ಬಂದವನು, ಒಂದು ದಿನ ಸಾಲು ಬಿಟ್ಟು ಹಿಂದೆ ಒಂದು ತೋಟದ ಮನೆಗೆ ಹೋಗಿ ಕೂತ. ಹಿಡಿದು ಕೋರ್ಟ್ ಮಾರ್ಷಲ್ ಮಾಡಿದ್ರು. ಅಮ್ಮನಿಗೆ ಬರೆದ ಕಾಗದದಲ್ಲಿ ಅವನು ಹೇಳೋದು, ಚಳಿಯಾಗಿತ್ತು, ಹುಷಾರಿರ್ಲಿಲ್ಲ, ಕಂದಕದಿಂದ ಹೊರಗೆ ಬಂದೆ, ಅದಕ್ಕೆ ಹಿಡ್ಕೊಂಡಿದ್ದಾರೆ, ಸ್ವಲ್ಪ ದಿನ ದುಡ್ಡು ಬರಲ್ಲ, ಹೇಗಾದ್ರೂ ಪಾರಾಗೋಕೆ ನೋಡ್ತೀನಿ ಅಂತ. ಸ್ಕೂಲಲ್ಲಿ ಹೆಡ್‌ಮಾಸ್ಟರ್ ಕರೆಸಿದ್ದಾರೆ ಅಂತ ಮನೇಲಿ ಹೇಳೋ ಹುಡುಗನ ಧ್ವನಿ ಅದು, ಎಷ್ಟು ಸಲ ಓದಿದ್ರೂ ನನಗೆ ಹಾಗೇ ಕೇಳ್ಸುತ್ತೆ. ಮಾರ್ಚ್ 20, 1916ರ ಬೆಳಿಗ್ಗೆ ಗುಂಡಿಟ್ಟು ಕೊಂದ್ರು, ಹದಿನೇಳು ವರ್ಷ. ಹೆಂಗಸರ ಮತದ ಹಕ್ಕಿಗೆ ಹೋರಾಡ್ತಿದ್ದ ಸಿಲ್ವಿಯಾ ಪ್ಯಾಂಕ್‌ಹರ್ಸ್ಟ್ ತಮ್ಮ ಪತ್ರಿಕೆಯಲ್ಲಿ ಅವನ ಕಾಗದ ಹಾಕಿ ಜನಕ್ಕೆ ಗೊತ್ತಾಗೋ ಹಾಗೆ ಮಾಡಿದ್ರು. ಅದಕ್ಕೂ ಮೊದಲು 1915ರ ಜುಲೈಯಲ್ಲಿ ಹರ್ಬರ್ಟ್ ಬರ್ಡನ್ ಅನ್ನೋ ಹುಡುಗನಿಗೂ ಹೀಗೇ ಆಯ್ತು, ಅವನಿಗೂ ಹದಿನೇಳೇ. ಇಂಗ್ಲೆಂಡಿನ ಸ್ಟ್ಯಾಫರ್ಡ್‌ಶೈರಲ್ಲಿ ಈಗ ಒಂದು ಸ್ಮಾರಕ ಇದೆ, ಕಣ್ಣಿಗೆ ಬಟ್ಟೆ ಕಟ್ಟಿ ಕೈ ಹಿಂದಕ್ಕೆ ಕಟ್ಟಿ ನಿಲ್ಲಿಸಿರೋ ಎಳೇ ಹುಡುಗನ ವಿಗ್ರಹ, ಹಿಂದೆ ಒಬ್ಬೊಬ್ಬನ ಹೆಸರಿಗೊಂದು ಕಂಬ. ಆ ವಿಗ್ರಹ ಬರ್ಡನ್ನನ ನೆನಪಲ್ಲೇ ಮಾಡಿದ್ದು. ಹೀಗೆ ಗುಂಡಿಟ್ಟು ಕೊಂದ 306 ಜನರಿಗೆ ಬ್ರಿಟಿಷ್ ಸರ್ಕಾರ ಕ್ಷಮೆ ಕೊಟ್ಟಿದ್ದು 2006ರಲ್ಲಿ, ತೊಂಬತ್ತು ವರ್ಷ ಆದ ಮೇಲೆ.

ಇನ್ನು ನಿಮ್ಮ ಮಗ ಜ್ಯಾಕ್ ಕಾರ್ನ್‌ವೆಲ್ ಹೆಸರು ಖಂಡಿತ ನೋಡಿರ್ತಾನೆ, ಹದಿನಾರಕ್ಕೆ ಬ್ರಿಟನ್ನಿನ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಬಂದವನು. ಅವನು ವಯಸ್ಸು ಸುಳ್ಳು ಹೇಳಿ ಸೇರಿದವನಲ್ಲ, ನೌಕಾಪಡೆಯಲ್ಲಿ ಹುಡುಗರನ್ನ ಕಾನೂನು ಪ್ರಕಾರನೇ "ಬಾಯ್" ಅನ್ನೋ ದರ್ಜೆಯಲ್ಲಿ ತಗೋತಿದ್ರು, ಹಡಗಲ್ಲಿ ಫಿರಂಗಿ ಪಕ್ಕನೂ ನಿಲ್ಲಿಸ್ತಿದ್ರು. ಮೇ 31, 1916, ಜಟ್‌ಲ್ಯಾಂಡ್ ಸಮುದ್ರ ಯುದ್ಧ, ಚೆಸ್ಟರ್ ಹಡಗು. ಅವನ ಫಿರಂಗಿ ತಂಡದವರೆಲ್ಲಾ ಸತ್ತೋ ಗಾಯ ಆಗಿಯೋ ಬಿದ್ದಿದ್ರು, ಇವನಿಗೂ ಎದೆಗೆ ಚೂರು ಹೊಕ್ಕಿತ್ತು, ಮುಂದಿನ ಆರ್ಡರ್ ಬರುತ್ತೆ ಅಂತ ಕಾಯ್ತಾ ಜಾಗದಲ್ಲೇ ನಿಂತಿದ್ದ. ಎರಡು ದಿನಕ್ಕೆ ಆಸ್ಪತ್ರೆಯಲ್ಲಿ ಹೋದ. ಮೊದಲು ಅವನನ್ನ ಮಣ್ಣು ಮಾಡಿದ್ದು ಬಡವರ ಸಾಮೂಹಿಕ ಗುಂಡಿಯಲ್ಲಿ, ಪೇಪರಲ್ಲಿ ಕಥೆ ಬಂದು ದೇಶ ಎಲ್ಲಾ ಮಾತಾಡೋಕೆ ಶುರು ಮಾಡಿದ ಮೇಲೆ ಹೊರಗೆ ತೆಗೆದು ಮೆರವಣಿಗೆ ಮಾಡಿ ಮತ್ತೆ ಮಣ್ಣು ಮಾಡಿದ್ರು. ಶಾಲೆ ಮಕ್ಕಳು ಒಂದೊಂದು ಪೆನ್ನಿ ಹಾಕಿ ಅವನ ಹೆಸರಿಗೆ ಫಂಡ್ ಕೂಡಿಸಿದ್ರು. ನಿಮ್ಮ ಮಗ ಅವನನ್ನ ಧೀರ ಅಂದ್ರೆ ಅಲ್ಲ ಅನ್ಬೇಡಿ, ಧೀರನೇ. ಆದ್ರೆ ಹದಿನಾರರ ಹುಡುಗನನ್ನ ಆ ಫಿರಂಗಿ ಪಕ್ಕ ನಿಲ್ಲಿಸಿದವರು ಯಾರು ಅಂತನೂ ಕೇಳೋಕೆ ಹೇಳ್ಕೊಡಿ. ಅವನು ನಿಂತಿದ್ದ ಆ ಫಿರಂಗಿ ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನಲ್ಲಿದೆ.

ಎರಡನೇ ಮಹಾಯುದ್ಧಕ್ಕೆ ಬರೋಣ. ಬ್ರಿಟನ್ನಲ್ಲಿ ಈ ಸಲ ಶುರುವಿಂದಲೇ ಕಡ್ಡಾಯ ಸೇವೆ ಇತ್ತು, 1939ರ ಸೆಪ್ಟೆಂಬರಲ್ಲಿ ಎಲ್ಲರ ಹೆಸರು ವಯಸ್ಸು ನೋಂದಾಯಿಸಿ ಐಡೆಂಟಿಟಿ ಕಾರ್ಡ್ ಕೊಟ್ಟಿದ್ರು, ಹಾಗಾಗಿ ಮೊದಲಿನಷ್ಟು ಹುಡುಗರು ನುಸುಳೋಕಾಗ್ಲಿಲ್ಲ. ಕಾಗದ ಕೇಳಿದ್ರೆ ಎಷ್ಟು ಫರಕ್ ಆಗ್ತಿತ್ತು ಅನ್ನೋಕೆ ಇದಕ್ಕಿಂತ ಸಾಕ್ಷಿ ಬೇಕಾ. ಆದ್ರೂ ಕೆಲವರು ದಾಟಿದ್ರು. ಟಾಮಿ ಬ್ರೌನ್ ಅಂತ, ಪೆಟಾರ್ಡ್ ಅನ್ನೋ ಯುದ್ಧಹಡಗಿನ ಕ್ಯಾಂಟೀನಲ್ಲಿ ಅಸಿಸ್ಟೆಂಟ್, ವಯಸ್ಸು ಹೆಚ್ಚು ಹೇಳಿ ಸೇರಿದ್ದ, ನಿಜವಾದದ್ದು ಹದಿನಾರು. 1942ರ ಅಕ್ಟೋಬರ್ 30ಕ್ಕೆ ಮೆಡಿಟರೇನಿಯನ್ ಸಮುದ್ರದಲ್ಲಿ ಜರ್ಮನ್ ಸಬ್‌ಮರೀನ್ ಯು-559ನ್ನ ಹೊಡೆದು ಮೇಲೆ ತಂದ್ರು, ಅದು ಮುಳುಗ್ತಿರೋವಾಗ್ಲೇ ಫ್ಯಾಸನ್ ಅನ್ನೋ ಆಫೀಸರು ಗ್ರೇಜಿಯರ್ ಅನ್ನೋ ನಾವಿಕ ಒಳಗೆ ಇಳಿದು ಗುಪ್ತ ಸಂಕೇತದ ಪುಸ್ತಕಗಳನ್ನ ಎತ್ತಿ ಎತ್ತಿ ಕೊಡೋರು, ಈ ಹುಡುಗ ಏಣಿ ಹತ್ತಿ ಇಳಿದು ಈಚೆಗೆ ದಾಟಿಸೋನು. ಸಬ್‌ಮರೀನ್ ಮುಳುಗಿದಾಗ ಆ ಇಬ್ರೂ ಒಳಗೇ ಹೋದ್ರು, ಇವನು ಉಳ್ಕೊಂಡ. ಆ ಪುಸ್ತಕಗಳಿಂದಲೇ ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕಲ್ಲಿ ಜರ್ಮನ್ ಸಬ್‌ಮರೀನ್‌ಗಳ ಎನಿಗ್ಮಾ ಸಂಕೇತ ಒಡೆಯೋಕೆ ಮತ್ತೆ ದಾರಿ ಸಿಕ್ತು. ಹುಡುಗನಿಗೆ ಜಾರ್ಜ್ ಮೆಡಲ್. ಈ ಸಾಹಸದಿಂದಲೇ ನಿಜವಾದ ವಯಸ್ಸು ಹೊರಬಿದ್ದು ಪೆಟಾರ್ಡ್ ಹಡಗಿನ ಕೆಲಸ ಬಿಡ್ಬೇಕಾಯ್ತು. 1945ರಲ್ಲಿ ಊರಲ್ಲಿ ಮನೆಗೆ ಬೆಂಕಿ ಬಿದ್ದಾಗ ಪುಟ್ಟ ತಂಗಿಯನ್ನ ಕಾಪಾಡೋಕೆ ಹೋಗಿ ಸತ್ತ. ಮೆಡಲ್ ತಗೊಳ್ಳೋಕೆ 1947ರಲ್ಲಿ ಅರಮನೆಗೆ ಹೋಗಿದ್ದು ಅವನ ತಾಯಿ.

ಅಮೆರಿಕದ ಕ್ಯಾಲ್ವಿನ್ ಗ್ರೇಯಂ ಹನ್ನೆರಡಕ್ಕೇ ನೌಕಾಪಡೆಗೆ ಸೇರಿದ್ದ. ಅವನಿಗೆ ಭಯ ಇದ್ದಿದ್ದು ಹಲ್ಲಿನ ಡಾಕ್ಟ್ರದ್ದು ಮಾತ್ರ ಅಂತೆ, ಅವನೇ ಮುಂದೆ ಹೇಳ್ಕೊಂಡಿದ್ದು, ಬಾಯಿ ತೆರೆಸಿ ನೋಡಿದ್ರೆ ವಯಸ್ಸು ಗೊತ್ತಾಗ್ಬಿಡುತ್ತೆ ಅಂತ. ನಮ್ಮ ದನದ ಜಾತ್ರೆಗಳಲ್ಲಿ ಹಲ್ಲು ನೋಡಿ ಕರುವಿನ ವಯಸ್ಸು ಹೇಳಲ್ವಾ, ಹಾಗೆ. ಆ ಡಾಕ್ಟ್ರಿಗೆ ಗೊತ್ತೂ ಆಯ್ತು, ಇವನು ನನ್ನ ಮುಂದೆ ಹೋದವರೂ ಚಿಕ್ಕವರೇ, ಅವರನ್ನ ಬಿಟ್ರಲ್ಲ ಅಂತ ವಾದ ಮಾಡಿ ಪಾಸಾದ. ಸೌತ್ ಡಕೋಟಾ ಅನ್ನೋ ಯುದ್ಧಹಡಗಲ್ಲಿದ್ದ, 1942ರ ನವೆಂಬರಲ್ಲಿ ಪೆಸಿಫಿಕ್ ಸಾಗರದ ಗ್ವಾಡಲ್‌ಕೆನಾಲ್ ಯುದ್ಧದಲ್ಲಿ ಚೂರು ತಗುಲಿ ಗಾಯ ಆಗಿದ್ರೂ ಬೇರೆಯವರಿಗೆ ಸಹಾಯ ಮಾಡಿದ, ಮೆಡಲ್ ಬಂತು. ವಯಸ್ಸು ಗೊತ್ತಾದ ಮೇಲೆ ನೌಕಾಪಡೆಯವರೇ ಅವನನ್ನ ಲಾಕಪ್ಪಲ್ಲಿ ಕೂಡಿ ಹಾಕಿದ್ರು, ಮೆಡಲ್ ಕಿತ್ಕೊಂಡ್ರು. 1978ರಲ್ಲಿ ಅಧ್ಯಕ್ಷ ಕಾರ್ಟರ್ ಕಾಲದಲ್ಲಿ ಒಂದನ್ನ ಬಿಟ್ಟು ಉಳಿದವು ವಾಪಸ್ ಬಂದ್ವು, ಗಾಯಕ್ಕೆ ಕೊಡೋ ಪರ್ಪಲ್ ಹಾರ್ಟ್ ಬಂದಿದ್ದು 1994ರಲ್ಲಿ, ಅಷ್ಟೊತ್ತಿಗೆ ಅವನು ಸತ್ತು ಎರಡು ವರ್ಷ ಆಗಿತ್ತು.

ಜರ್ಮನಿಯಲ್ಲಿ ಇದೆಲ್ಲಾ ಉಲ್ಟಾ. ಅಲ್ಲಿ ಹುಡುಗ ಸುಳ್ಳು ಹೇಳೋ ಅಗತ್ಯನೇ ಇರ್ಲಿಲ್ಲ, ಸರ್ಕಾರನೇ ವಯಸ್ಸು ಇಳಿಸ್ತಾ ಬಂತು. 1943ರ ಫೆಬ್ರವರಿಯಿಂದ ಹೈಸ್ಕೂಲ್ ಹುಡುಗರನ್ನ ಕ್ಲಾಸಿಗೆ ಕ್ಲಾಸೇ ವಿಮಾನ ಹೊಡೆಯೋ ಫಿರಂಗಿಗಳ ಹತ್ರ ಕಳಿಸಿದ್ರು, ಮೇಷ್ಟ್ರುಗಳು ಅಲ್ಲಿಗೇ ಹೋಗಿ ಪಾಠ ಮಾಡೋರು, ರಾತ್ರಿ ಬಾಂಬ್ ದಾಳಿ. 1944ರ ಶರತ್ಕಾಲದಲ್ಲಿ ಹದಿನಾರರಿಂದ ಅರವತ್ತರವರೆಗಿನ ಗಂಡಸರೆಲ್ಲಾ ಫೋಕ್ಸ್‌ಸ್ಟುರ್ಮ್ ಅನ್ನೋ ಪಡೆಗೆ ಸೇರ್ಬೇಕು ಅಂತ ಆಜ್ಞೆ ಬಂತು. ಯುದ್ಧ ಸೋತಿರೋದು ಎಲ್ರಿಗೂ ಗೊತ್ತಿದ್ದ 1945ರ ಮಾರ್ಚ್ 20ಕ್ಕೆ ಹಿಟ್ಲರ್ ಬರ್ಲಿನ್ನಲ್ಲಿ ಹುಡುಗರ ಸಾಲಿಗೆ ಪದಕ ಕೊಡೋ ನ್ಯೂಸ್‌ರೀಲ್ ಇದೆ, ಅದರಲ್ಲಿ ಕೆನ್ನೆ ಹಿಂಡಿಸ್ಕೊಳ್ಳೋ ಆಲ್ಫ್ರೆಡ್ ಚೆಕ್‌ಗೆ ಹನ್ನೆರಡು ವರ್ಷ. ಅವನು ಗಾಯಗೊಂಡ ಸೈನಿಕರನ್ನ ಗಾಡಿಯಲ್ಲಿ ಹಾಕ್ಕೊಂಡು ಬಂದು ಉಳಿಸಿದ್ದ. ಅದಾಗಿ ಏಳು ವಾರಕ್ಕೆ ಯುದ್ಧ ಮುಗೀತು, ಆ ಏಳು ವಾರದಲ್ಲಿ ಎಷ್ಟೋ ಹುಡುಗರು ಹೆಗಲಿಗೆ ಟ್ಯಾಂಕ್ ಹೊಡೆಯೋ ಪಾಂಜರ್‌ಫೌಸ್ಟ್ ಹೊತ್ತು ಬರ್ಲಿನ್ ಬೀದಿಗಳಲ್ಲಿ ಸತ್ರು.

ಈಗಿನ ವಿಷಯ ಒಂದೆರಡು ಮಾತು. 2000ರಲ್ಲಿ ವಿಶ್ವಸಂಸ್ಥೆಯಲ್ಲಿ ಹದಿನೆಂಟರ ಒಳಗಿನವರನ್ನ ನೇರ ಯುದ್ಧಕ್ಕೆ ಇಳಿಸಬಾರದು ಅಂತ ಒಪ್ಪಂದ ಆಯ್ತು, ಭಾರತವೂ ಒಪ್ಪಿದೆ. ನಮ್ಮಲ್ಲಿ ಅಗ್ನಿವೀರ್‌ಗೆ ಹದಿನೇಳೂವರೆ, ರ‍್ಯಾಲಿಗೆ ಹೋಗೋ ಹುಡುಗರು ಮೊದಲು ಹಿಡ್ಕೊಂಡು ಹೋಗೋದೇ ಹತ್ತನೇ ಕ್ಲಾಸ್ ಮಾರ್ಕ್ಸ್ ಕಾರ್ಡು, ಅದರಲ್ಲಿರೋ ಹುಟ್ಟಿದ ತಾರೀಖಿಗೆ. ಬ್ರಿಟನ್ನಲ್ಲಿ ಅಪ್ಪ ಅಮ್ಮ ಒಪ್ಪಿದ್ರೆ ಇವತ್ತಿಗೂ ಹದಿನಾರಕ್ಕೆ ಸೈನ್ಯಕ್ಕೆ ತಗೋತಾರೆ, ಹದಿನೆಂಟರ ಮೊದಲು ಯುದ್ಧಕ್ಕೆ ಕಳಿಸಲ್ಲ. ಅಷ್ಟೆಲ್ಲಾ ಕಳ್ಕೊಂಡ ದೇಶ ಹದಿನಾರನ್ನ ಇನ್ನೂ ಬಿಟ್ಟಿಲ್ಲ ಅನ್ನೋದು ನನಗೆ ಸರಿ ಕಾಣಲ್ಲ.

ಕೊನೇದಾಗಿ ನಿಮ್ಮ ಮಗನ ಪ್ರಶ್ನೆ, ನನ್ನನ್ನೂ ತಗೋತಿದ್ರಾ ಅಂತ. ಭಾನುವಾರ ಅವನನ್ನ ಗೋಡೆಗೆ ಒರಗಿಸಿ ನಿಲ್ಲಿಸಿ, ಚಪ್ಪಲಿ ಬಿಚ್ಚಿಸಿ, 5 ಅಡಿ 3 ಇಂಚಿಗೆ, ಅಂದ್ರೆ 160 ಸೆಂಟಿಮೀಟರಿಗೆ, ಪೆನ್ಸಿಲಲ್ಲಿ ಒಂದು ಗೆರೆ ಎಳೀರಿ. ಟೈಲರ್ ಟೇಪ್ ತಗೊಂಡು ಎದೆ ಸುತ್ತಳತೆ ನೋಡಿ, 34 ಇಂಚು ಇದ್ಯಾ ಅಂತ. 1914ರ ಆಗಸ್ಟಲ್ಲಿ ಆ ಮೇಜಿನ ಮುಂದೆ ಅಳೆದಿದ್ದು ಇಷ್ಟನ್ನೇ. ಗೆರೆಗೆ ಅವನ ತಲೆ ಮುಟ್ಟಿದ್ರೆ, ಹೌದಪ್ಪಾ, ನಿನ್ನನ್ನೂ ತಗೋತಿದ್ರು ಅಂತ ನಿಜ ಹೇಳಿ. ಹೇಳಿ ಆದ ಮೇಲೆ ಜೇಮ್ಸ್ ಮಾರ್ಟಿನ್ ಮನೆಗೆ ಬರೆದ ಆ ಕೊನೇ ಕಾಗದ ಹುಡುಕಿ ಇಬ್ರೂ ಒಟ್ಟಿಗೆ ಕೂತು ಓದಿ, ಚಿಕ್ಕದೇ ಇದೆ.